ಪಿನ್ ಕಾಣುತ್ತೆ, ಜಿಂಕೆ ಕಾಣುತ್ತಾ?

ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಆಪ್ಟಿಕಲ್ ಫೈಬರ್ ಅಂತ ಒಂದು ಪಾಠ ಇತ್ತಲ್ಲ, ನೆನಪಿದೆಯಾ? ನ್ಯೂಮರಿಕಲ್ ಅಪರ್ಚರ್ ಡಿರೈವೇಶನ್. ಇಂಟರ್ನಲ್ಸ್‌ಗೂ ಬರುತ್ತೆ, ಸೆಮಿಸ್ಟರ್ ಪರೀಕ್ಷೆಗೂ ಬರುತ್ತೆ ಅಂತ ಸೀನಿಯರ್‌ಗಳು ಹೇಳಿದ್ದಕ್ಕೆ ನಾವು ಮೂವರೂ ಅದನ್ನು ಬಾಯಿಪಾಠ ಮಾಡಿ ಬರೆದು ಬಂದಿದ್ದೆವು. ಆಮೇಲೆ ಅದು ನಮಗೆ ಮತ್ತೆ ಎದುರಾಗಿದ್ದು ಯಾವ ಲ್ಯಾಬಿನಲ್ಲೂ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಒಂದು ಹಳ್ಳಿಯಂಚಿನ ಮನೆಯಲ್ಲಿ, ಎಪ್ಪತ್ತರ ಹತ್ತಿರದ ಒಬ್ಬರು ತಾತನ ಬಿಲ್ಲಿನ ಮೇಲೆ.

ನಾವು ಅಂದರೆ ಇದೇ ಕಾಲೇಜಿನಲ್ಲಿ ಓದಿ ಎಂ.ಎಸ್. ಮಾಡೋಕೆ ಹೋದ ಮೂವರು ರೂಮ್‌ಮೇಟ್‌ಗಳು. ಒಬ್ಬ ಮೆಕ್ಯಾನಿಕಲ್, ಇನ್ನಿಬ್ಬರು ಎಲೆಕ್ಟ್ರಾನಿಕ್ಸ್. ತಾತ ನಮ್ಮ ಮನೆ ಓನರ್. ಅಲ್ಲಿನ ಪದ್ಧತಿಯಂತೆ ಎದುರಿಗೆ ಹೆಸರು ಹಿಡಿದೇ ಕರೀತೀವಿ, ನಮ್ಮ ನಮ್ಮಲ್ಲಿ ಮಾತ್ರ ತಾತ ಅಂತಲೇ. ನಲವತ್ತು ವರ್ಷದಿಂದ ಬಿಲ್ಲಿನಲ್ಲಿ ಜಿಂಕೆ ಬೇಟೆ ಆಡಿದವರು. ಸೆಪ್ಟೆಂಬರ್‌ನ ಒಂದು ಭಾನುವಾರ ಬಿಲ್ಲು ತಂದು ನಮ್ಮ ಊಟದ ಟೇಬಲ್ ಮೇಲಿಟ್ಟು, "ನೀವು ಎಂಜಿನಿಯರ್‌ಗಳಲ್ಲವೇ? ಸಂಜೆ ಹೊತ್ತಲ್ಲಿ ನನಗೆ ಪಿನ್ ಕಾಣಿಸ್ತಿಲ್ಲ. ಇದನ್ನು ಸ್ವಲ್ಪ ಬೆಳಕು ಮಾಡಿಕೊಡಿ" ಅಂದರು. ಅಷ್ಟೇ ಕೇಳಿದ್ದು. ಒಂದು ವೀಕೆಂಡ್ ಕೆಲಸ ಅಂದುಕೊಂಡು ನಾವೂ ಒಪ್ಪಿಕೊಂಡೆವು.

ಮುಂದೆ ಹೋಗೋ ಮೊದಲು ಒಂದು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಇದನ್ನು ಓದಿ ಯಾರೂ ಬಿಲ್ಲು ಹಿಡಿದು ಕಾಡಿನ ಕಡೆ ಹೊರಡಬೇಡಿ. ಮಿಷಿಗನ್‌ನಲ್ಲಿ ಲೈಸೆನ್ಸ್ ಇದೆ, ಸೀಸನ್ ಇದೆ, ಹೊತ್ತಿಗೂ ನಿಯಮ ಇದೆ. ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರು. ಬೆಳಿಗ್ಗೆ ಸೂರ್ಯ ಹುಟ್ಟೋ ಅರ್ಧ ಗಂಟೆ ಮೊದಲಿನಿಂದ ಸಂಜೆ ಮುಳುಗಿದ ಅರ್ಧ ಗಂಟೆವರೆಗೆ ಮಾತ್ರ ಬಾಣ ಬಿಡಬಹುದು. ತೊಂದರೆ ಏನಪ್ಪಾ ಅಂದರೆ ಅಲ್ಲಿನ ಬಿಳಿಬಾಲದ ಜಿಂಕೆ ಹೆಚ್ಚು ಓಡಾಡೋದು ಇದೇ ಎರಡು ಅರ್ಧ ಗಂಟೆಗಳ ಆಸುಪಾಸಿನಲ್ಲಿ. ಸೂರ್ಯ ಮುಳುಗಿದ ಮೇಲಿನ ಆ ಅರ್ಧ ಗಂಟೆಯಲ್ಲಿ ಬಯಲಿನ ಬೆಳಕು ಸುಮಾರು ನೂರು ಪಟ್ಟು ಇಳಿಯುತ್ತೆ. ನಮ್ಮೂರಿನ ಮುಸ್ಸಂಜೆಗಿಂತ ಅಲ್ಲಿನದು ಸ್ವಲ್ಪ ಉದ್ದ ಇರೋದರಿಂದ ಇಳಿಯೋದು ಗೊತ್ತೇ ಆಗಲ್ಲ. ಕಣ್ಣು ಹೊಂದಿಕೊಳ್ತಾ ಹೋಗುತ್ತೆ, ಇನ್ನೂ ಕಾಣ್ತಿದೆ ಅಂತ ಮನಸ್ಸು ಹೇಳ್ತಾನೇ ಇರುತ್ತೆ.

ಕಾಂಪೌಂಡ್ ಬಿಲ್ಲಿನ ಸೈಟ್ ಅಂದರೆ ಹಿಡಿಕೆಯ ಮುಂದೆ ಒಂದು ದುಂಡನೆಯ ಬಳೆ, ಅದರೊಳಗೆ ಪಕ್ಕದಿಂದ ಚಾಚಿಕೊಂಡ ಸಣ್ಣ ಪಿನ್‌ಗಳು. ಒಂದೊಂದು ಪಿನ್ ಒಂದೊಂದು ದೂರಕ್ಕೆ: 20 ಗಜ, 30 ಗಜ, 40 ಗಜ. ಯಾಕೆ ಬೇರೆ ಬೇರೆ? ಬಾಣ ನೇರವಾಗಿ ಹೋಗಲ್ಲ, ಬೀಳ್ತಾ ಹೋಗುತ್ತೆ. ತಾತನ ಬಾಣದ ವೇಗ ಸೆಕೆಂಡಿಗೆ ಸುಮಾರು 76 ಮೀಟರ್. ಅರ್ಧ ಜಿ ಟಿ ಸ್ಕ್ವೇರ್ ಹಾಕಿ ನೋಡಿ: 20 ಗಜ ದಾಟೋಷ್ಟರಲ್ಲಿ 28 ಸೆಂ.ಮೀ. ಬಿದ್ದಿರುತ್ತೆ, 30 ಗಜಕ್ಕೆ 64 ಸೆಂ.ಮೀ. ಜಿಂಕೆ 30 ಗಜದಲ್ಲಿ ನಿಂತಿರುವಾಗ 20ರ ಪಿನ್ ಇಟ್ಟು ಬಿಟ್ಟರೆ ಬಾಣ ಸುಮಾರು 15 ಸೆಂ.ಮೀ. ಕೆಳಗೆ ಹೋಗುತ್ತೆ. ಜಿಂಕೆಯ ಹೃದಯ, ಶ್ವಾಸಕೋಶ ಇರೋ ಜಾಗ ಹೆಚ್ಚೆಂದರೆ 20–25 ಸೆಂ.ಮೀ. ಅಗಲ. ಮಬ್ಬಿನಲ್ಲಿ ದೂರದ ಅಂದಾಜು ತಪ್ಪೋದು ಬಹಳ ಸುಲಭ. ಹಾಗಾಗಿ ಹಗಲಲ್ಲೇ 20 ಮತ್ತು 30 ಗಜದ ಮರಗಳನ್ನು ಅಳೆದು ಗುರುತಿಟ್ಟುಕೊಳ್ಳೋದು ಅಲ್ಲಿನ ಹಳಬರ ರೂಢಿ.

ಈಗ ಫೈಬರ್ ವಿಷಯ. ಪಿನ್ ತುದಿಯಲ್ಲಿ ಹೊಳೆಯೋದು ಬಲ್ಬ್ ಅಲ್ಲ, ಬಣ್ಣದ ಪ್ಲಾಸ್ಟಿಕ್ ಫೈಬರಿನ ತುದಿ. ನಾವು ಓದಿದ ಫೈಬರಿಗೆ ಬೆಳಕು ಒಂದು ತುದಿಯಿಂದ ಒಳಗೆ ಹೋಗಬೇಕು. ಪಕ್ಕದಿಂದ ಬಂದ ಬೆಳಕು ಈ ಕಡೆ ಹೊಕ್ಕು ಆ ಕಡೆ ಹೊರಬಿದ್ದು ಹೋಗುತ್ತೆ. ಹಾಗಿದ್ದರೆ ಇದು ಹೊಳೆಯೋದು ಹೇಗೆ? ಈ ಪ್ರಶ್ನೆಗೆ ನಾವು ಮೂವರೂ ಒಂದು ರಾತ್ರಿ ಕೂತೆವು. ಉತ್ತರ ಚಂದ ಇದೆ: ಈ ಪ್ಲಾಸ್ಟಿಕ್‌ಗೆ ಪ್ರತಿದೀಪ್ತಿ ಬಣ್ಣ ಬೆರೆಸಿರ್ತಾರೆ. ಪಕ್ಕದಿಂದ ಬಂದ ನೀಲಿ, ನೇರಳೆ ಬೆಳಕನ್ನು ಅದು ಹೀರಿಕೊಂಡು ಒಳಗಡೆಯೇ ಹಸಿರಾಗಿಯೋ ಕೆಂಪಾಗಿಯೋ ಎಲ್ಲ ದಿಕ್ಕಿಗೂ ಉಗುಳುತ್ತೆ. ಅದರಲ್ಲಿ ಕ್ರಿಟಿಕಲ್ ಆಂಗಲ್ ದಾಟಿದ ಪಾಲು ಮಾತ್ರ ಒಳಗೇ ಸಿಕ್ಕಿಬಿದ್ದು ತುದಿಗೆ ಬರುತ್ತೆ. ಕೋರ್‌ಗೆ 1.59, ಹೊದಿಕೆಗೆ 1.49 ವಕ್ರೀಭವನಾಂಕ ಹಾಕಿ ಲೆಕ್ಕ ಮಾಡಿದರೆ ಒಂದು ತುದಿಯ ಕಡೆಗೆ ಸಿಗೋದು ನೂರಕ್ಕೆ ಮೂರು ಪಾಲು. ಅದಕ್ಕೇ ಒಳ್ಳೆಯ ಸೈಟ್‌ಗಳಲ್ಲಿ ಫೈಬರನ್ನು ಉದ್ದಕ್ಕೆ ಬಿಟ್ಟು ಬಳೆಯ ಸುತ್ತ ಸುತ್ತಿರ್ತಾರೆ. ಉದ್ದ ಹೆಚ್ಚಾದಷ್ಟೂ ಬೆಳಕು ಕೊಯ್ಯೋ ಹೊಲ ದೊಡ್ಡದು.

ಬಣ್ಣಕ್ಕೂ ಲೆಕ್ಕ ಇದೆ. ಹಗಲಲ್ಲಿ ನಮ್ಮ ಕಣ್ಣಿಗೆ 555 ನ್ಯಾನೋಮೀಟರ್ ಹತ್ತಿರದ ಹಳದಿ-ಹಸಿರು ಎಲ್ಲಕ್ಕಿಂತ ಪ್ರಖರ. ಕತ್ತಲಾಗ್ತಾ ಕಣ್ಣಿನ ಕೋಲುಕೋಶಗಳು ಕೆಲಸ ವಹಿಸಿಕೊಳ್ಳುತ್ತವೆ, ಆಗ ಶಿಖರ 507ರ ಕಡೆ ಜಾರುತ್ತೆ. ಕೆಂಪು ಮೊದಲು ಸಾಯುತ್ತೆ, ಹಸಿರು ಉಳಿಯುತ್ತೆ. ಪರ್ಕಿಂಜೆ ಪಲ್ಲಟ ಅಂತ ಇದಕ್ಕೆ ಹೆಸರು. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಕಪ್ಪಾಗಿ, ಎಲೆ ಇನ್ನೂ ಹಸಿರಾಗಿ ಕಾಣೋದು ಇದರಿಂದಲೇ. ನಾವು ಮೂರು ಪಿನ್‌ನ ಸೈಟ್ ಆರಿಸಿ 20ಕ್ಕೆ ಹಸಿರು, 30ಕ್ಕೆ ಹಳದಿ, 40ಕ್ಕೆ ಬೇಕೆಂತಲೇ ಕೆಂಪು ಇಟ್ಟೆವು. ಹೊತ್ತು ಇಳಿದಂತೆ 40ರ ಪಿನ್ ತಾನಾಗಿ ಮಂಕಾಗಲಿ, ಅಷ್ಟು ದೂರದ ಆಸೆಯೇ ಬೇಡ ಅಂತ.

ಐದು, ಏಳು ಪಿನ್ ಇರೋವೂ ಸಿಗುತ್ತವೆ. ಒಂದೇ ಪಿನ್ ಇಟ್ಟು ಚಕ್ರ ತಿರುಗಿಸಿ ದೂರ ಹೊಂದಿಸೋವೂ ಸಿಗುತ್ತವೆ. ಮಬ್ಬಿನಲ್ಲಿ ಐದು ಪಿನ್ ಅಂದರೆ ಸಂತೆ, ಯಾವುದು ಯಾವುದೋ. ಒಂದೇ ಪಿನ್ ಚೊಕ್ಕ, ಆದರೆ ಜಿಂಕೆ ಹತ್ತು ಹೆಜ್ಜೆ ಮುಂದೆ ಸರಿದರೆ ಮತ್ತೆ ಚಕ್ರಕ್ಕೆ ಕೈ ಹಾಕಬೇಕು. ಮೂರು ನಮ್ಮ ರಾಜಿ. ಪಿನ್ ದಪ್ಪ ಸಾಮಾನ್ಯವಾಗಿ 0.010, 0.019, 0.029 ಇಂಚಿನಲ್ಲಿ ಬರುತ್ತೆ. ದಪ್ಪ ಪಿನ್ ಹೆಚ್ಚು ಹೊಳೆಯುತ್ತೆ ನಿಜ, ಆದರೆ ಮರೆ ಮಾಡೋದೂ ಹೆಚ್ಚು. ಕಣ್ಣಿನಿಂದ ಪಿನ್‌ಗೆ 85 ಸೆಂ.ಮೀ. ಅಂತಿಟ್ಟುಕೊಂಡರೆ, 30 ಗಜದಲ್ಲಿ 0.019ರ ಪಿನ್ ಒಂದೂವರೆ ಸೆಂ.ಮೀ. ಮುಚ್ಚುತ್ತೆ, 0.029ರದ್ದು ಸುಮಾರು 2.4 ಸೆಂ.ಮೀ. ಇದು ಕಾಗದದ ಲೆಕ್ಕ. ಕತ್ತಲಲ್ಲಿ ಪ್ರಖರ ಪಿನ್ ಸುತ್ತ ಪ್ರಭೆ ಹರಡಿಕೊಂಡು ಇದರ ಎರಡು ಮೂರು ಪಟ್ಟು ಊದಿಕೊಂಡ ಹಾಗೆ ಕಾಣುತ್ತೆ. ಹಾಗಾಗಿ 0.019 ಆರಿಸಿದೆವು.

ಇಷ್ಟು ಮುಗಿಸಿ ಕೊಟ್ಟಿದ್ದರೆ ತಾತ ಕೇಳಿದ ಕೆಲಸ ಆಗಿಹೋಗ್ತಿತ್ತು. ಆದರೆ ಟೆಸ್ಟ್ ಮಾಡದೆ ಕೊಡೋದು ಹೇಗೆ? ಹೊಲದಂಚಿನಲ್ಲಿ 20 ಗಜ ದೂರಕ್ಕೆ ತಾತನ ಫೋಮ್ ಜಿಂಕೆ ನಿಲ್ಲಿಸಿದೆವು. ಅದರ ಮುಂಗಾಲಿನ ಹಿಂದೆ ಒಂದು ಮಡಿಕೆ ಇದೆ. ಬಾಣ ಬೀಳಬೇಕಾದ್ದು ಅಲ್ಲಿ. ಸೂರ್ಯ ಮುಳುಗಿದಲ್ಲಿಂದ ಸ್ಟಾಪ್‌ವಾಚ್ ಒತ್ತಿ ಎರಡೇ ವಿಷಯ ಬರೆದುಕೊಂಡೆವು: ಪಿನ್ ಯಾವಾಗ ಮಾಯ ಆಯಿತು, ಆ ಮಡಿಕೆ ಯಾವಾಗ ಮಾಯ ಆಯಿತು.

ಬಯಲಿನಲ್ಲಿ ನಿಂತು ನೋಡಿದರೆ ಮಡಿಕೆ 26ನೇ ನಿಮಿಷಕ್ಕೆ ಕರಗಿತು, ಪಿನ್ ಮಾತ್ರ ಅರ್ಧ ಗಂಟೆ ಕಳೆದರೂ ಉರೀತಾನೇ ಇತ್ತು. ಮುಸ್ಸಂಜೆಯ ಆಕಾಶದಲ್ಲಿ ನೀಲಿ ಹೆಚ್ಚು, ಫೈಬರಿಗೆ ಬೇಕಾದ್ದೂ ನೀಲಿ. ಮರದ ನೆರಳಿನಲ್ಲಿ ನಿಂತ ಕಂದು ಜಿಂಕೆಗೆ ಆ ಭಾಗ್ಯ ಇಲ್ಲ. ಬೇಟೆಯ ಗುಡಾರದೊಳಗೆ ಕೂತು ನೋಡಿದರೆ ಎಲ್ಲ ತಿರುಗುಮುರುಗು. ಒಳಗೆ ಕಗ್ಗತ್ತಲು, ಫೈಬರಿಗೆ ಊಟವೇ ಇಲ್ಲ. ಸೂರ್ಯ ಮುಳುಗೋ ಮೊದಲೇ ಪಿನ್ ಸತ್ತುಹೋಯಿತು. ಹೊರಗೆ ಜಿಂಕೆ ನಿಚ್ಚಳ.

ಅಂದರೆ ಮಬ್ಬಿನಲ್ಲಿ ಕಾಣಲ್ಲ ಅನ್ನೋದು ಒಂದು ತೊಂದರೆ ಅಲ್ಲ, ಎರಡು. ಪಿನ್ ಕತ್ತಲು, ಜಿಂಕೆ ಬೆಳಕು ಅನ್ನೋದು ಒಂದು. ಅದಕ್ಕೆ ಮದ್ದಿದೆ: ಬಟನ್ ಸೆಲ್ ಹಾಕಿದ ಸಣ್ಣ ನೀಲಿ ದೀಪ, ಅಥವಾ ಟ್ರಿಷಿಯಂ ಕೂಡಿಸಿದ ಪಿನ್. ಟ್ರಿಷಿಯಂಗೆ ಬ್ಯಾಟರಿ ಬೇಡ, ಆದರೆ ಅದರ ಅರ್ಧಾಯು 12.3 ವರ್ಷ, ವರ್ಷ ವರ್ಷ ಮಂಕಾಗುತ್ತೆ. ದೀಪ ಹಾಕೋ ಮೊದಲು ಆಯಾ ರಾಜ್ಯದ ನಿಯಮ ನೋಡಲೇಬೇಕು, ಕೆಲವು ಕಡೆ ಬಿಲ್ಲಿಗೆ ಎಲೆಕ್ಟ್ರಾನಿಕ್ ಸಾಧನ ಜೋಡಿಸೋದಕ್ಕೇ ನಿರ್ಬಂಧ ಇದೆ. ದೀಪದ ಗುಂಡಿಯನ್ನು ಪಿನ್ ಈಗಷ್ಟೇ ಕಂಡಿತು ಅನ್ನೋ ಮಟ್ಟಕ್ಕೆ ಇಳಿಸಿ ನಿಲ್ಲಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಕಣ್ಣಿನ ಕತ್ತಲ ಹೊಂದಾಣಿಕೆಯೇ ಕೆಡುತ್ತೆ. ಇನ್ನೊಂದು ತೊಂದರೆ ಪಿನ್ ಬೆಳಕು, ಜಿಂಕೆ ಕತ್ತಲು. ಇದಕ್ಕೆ ಯಾವ ಸೈಟೂ ಮದ್ದಲ್ಲ. ಸೈಟ್ ಜಿಂಕೆಯ ಮೇಲೆ ಒಂದು ಹನಿ ಬೆಳಕನ್ನೂ ಚೆಲ್ಲಲ್ಲ.

ಸ್ವಲ್ಪ ಸಹಾಯ ಸಿಗೋದು ಪೀಪ್‌ನಲ್ಲಿ. ಹಗ್ಗದಲ್ಲಿ ಕೂರಿಸಿದ ಸಣ್ಣ ತೂತು ಅದು. ಕಣ್ಣು ಅದರ ಮೂಲಕವೇ ನೋಡಬೇಕು. ತಾತನದ್ದು 1/8 ಇಂಚಿನದು, ಅಂದರೆ 3.2 ಮಿ.ಮೀ. ಕತ್ತಲಲ್ಲಿ ನಮ್ಮ ವಯಸ್ಸಿನವರ ಪಾಪೆ 7 ಮಿ.ಮೀ.ವರೆಗೂ ಅರಳುತ್ತೆ. ಹಾಗಿರುವಾಗ 3.2ರ ತೂತು ಅಂದರೆ ಬಾಗಿಲು ತೆಗೆದು ಮುಂದೆ ಚಾಪೆ ಇಳಿಬಿಟ್ಟ ಹಾಗೆ. 1/4 ಇಂಚಿನದು ಹಾಕಿದರೆ ವಿಸ್ತೀರ್ಣ ನಾಲ್ಕು ಪಟ್ಟು. ನಮ್ಮ ಕೈಲಿ ಪರೀಕ್ಷೆ ಮಾಡಿದಾಗ ನಿಜಕ್ಕೂ ಲಾಭ ಕಂಡಿತು. ಆದರೆ ತಾತ ನೋಡಿ, 3/16ಕ್ಕೂ 1/4ಕ್ಕೂ ತಮಗೇನೂ ವ್ಯತ್ಯಾಸ ಇಲ್ಲ ಅಂದರು. ಕಾರಣ ಆಮೇಲೆ ಹೊಳೆಯಿತು: ವಯಸ್ಸಾದಂತೆ ಪಾಪೆ ಅಷ್ಟು ಅರಳಲ್ಲ. ಅವರದ್ದು ಐದು ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತೆ ಅಂತಿಟ್ಟುಕೊಂಡರೆ 4.8 ಮಿ.ಮೀ.ನ 3/16 ಸಾಕು. ಅದಕ್ಕಿಂತ ದೊಡ್ಡದಾದರೆ ಬೆಳಕು ಹೆಚ್ಚಲ್ಲ, ಗುರಿಯ ನಿಖರತೆ ಮಾತ್ರ ಸಡಿಲ ಆಗುತ್ತೆ.

ಆ ಸಂಜೆ ಅವರ ಕಣ್ಣಿನ ಟೈಮ್ ಕೂಡ ಬರೆದುಕೊಂಡಿದ್ದೆವು. ಮುಂಗಾಲ ಹಿಂದಿನ ಮಡಿಕೆ ಅವರಿಗೆ ಮಾಯ ಆಗಿದ್ದು 15ನೇ ನಿಮಿಷಕ್ಕೆ. ಮೋಡ ಇದ್ದ ದಿನ ಹತ್ತಕ್ಕೇ. ಕಾನೂನು 30 ನಿಮಿಷ ಕೊಡುತ್ತೆ, ತಾತನ ಕಣ್ಣು ಅದರಲ್ಲಿ ಅರ್ಧ ಕೊಡುತ್ತೆ. ಪಿನ್ ಕಾಣಿಸ್ತಿಲ್ಲ ಅಂತ ಬಂದವರಿಗೆ ಪಿನ್ ಈಗ ಝಗ್ ಅಂತ ಕಾಣಿಸ್ತಿತ್ತು. ಕಾಣದೇ ಇದ್ದದ್ದು ಜಿಂಕೆ. ಇದನ್ನು ಅವರಿಗೆ ಹೇಳೋದು ಯಾರು? ಎರಡು ದಿನ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಿದ್ದೆವು. ನಲವತ್ತು ವರ್ಷದ ಹವ್ಯಾಸ, ಹೆಂಡತಿ ತೀರಿಕೊಂಡ ಮೇಲೆ ಅವರನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗ್ತಿದ್ದದ್ದೂ ಅದೊಂದೇ.

ಸೀಸನ್ ಶುರುವಾದ ಮೊದಲ ವಾರ ತಾತನ ಪರಿಚಯದವರೊಬ್ಬರು ಫೋನ್ ಮಾಡಿದರು. ಕತ್ತಲಾಗ್ತಾ ಬಾಣ ಬಿಟ್ಟಿದ್ದಾರೆ, ಜಿಂಕೆ ಓಡಿದೆ, ಹುಡುಕೋಕೆ ಜನ ಬೇಕು. ನಾವೂ ಟಾರ್ಚ್ ಹಿಡಿದು ಹೋದೆವು. ಬಾಣ ಸಿಕ್ಕಿತು. ತಾತ ಅದನ್ನು ಮೂಸಿ ನೋಡಿ ತಲೆ ಅಲ್ಲಾಡಿಸಿದರು. ರಕ್ತ ಕಡಿಮೆ, ಹಸಿರು ಮಿಶ್ರಿತ ಗಲೀಜು, ಕೆಟ್ಟ ವಾಸನೆ. ಶ್ವಾಸಕೋಶಕ್ಕೆ ಬಿದ್ದ ಜಿಂಕೆ ಕ್ಷಣಗಳಲ್ಲಿ ಬೀಳುತ್ತೆ. ಹೊಟ್ಟೆಗೆ ಬಿದ್ದದ್ದು ಗಂಟೆಗಟ್ಟಲೆ ನರಳುತ್ತೆ. ಆಗ ಹಿಂದೆ ಬಿದ್ದರೆ ಇನ್ನೂ ದೂರ ಓಡುತ್ತೆ, ಹಾಗಾಗಿ ಬಿಟ್ಟು ಬರೋದೇ ನಿಯಮ. ರಾತ್ರಿಯೆಲ್ಲ ಬಿಟ್ಟೆವು. ಬೆಳಿಗ್ಗೆ ಹಳ್ಳದ ಪಕ್ಕ ಸಿಕ್ಕಿತು, ನಮಗಿಂತ ಮೊದಲೇ ಕಯೋಟಿಗಳಿಗೆ ಸಿಕ್ಕಿತ್ತು. ನಮ್ಮಲ್ಲೊಬ್ಬ ಮೊಟ್ಟೆಯನ್ನೂ ಮುಟ್ಟದವನು. ವಾಪಸ್ ಬರೋವಾಗ ಕಾರಿನಲ್ಲಿ ಅವನೇ ದಶರಥನ ಕಥೆ ತೆಗೆದ. ಕತ್ತಲಲ್ಲಿ ಕೊಡ ಮುಳುಗೋ ಸದ್ದು ಕೇಳಿ ಆನೆ ಅಂತ ಬಾಣ ಬಿಟ್ಟು ಶ್ರವಣಕುಮಾರನನ್ನು ಕೊಂದ ಕಥೆ. ತಾತನಿಗೆ ಇಂಗ್ಲಿಷಿನಲ್ಲಿ ಹೇಳಿದೆವು. ಪೂರ್ತಿ ಕೇಳಿಸಿಕೊಂಡು, "ಆ ರಾಜ ಒಳ್ಳೆ ಬಿಲ್ಲುಗಾರನಾ?" ಅಂತ ಕೇಳಿದರು. ಬಹಳ ಒಳ್ಳೆಯವನು, ಅವನ ಗುರಿ ತಪ್ಪಲೇ ಇಲ್ಲ, ಅದೇ ಆಗಿದ್ದು ಅಂದೆವು.

ಅವತ್ತೇ ಸಂಜೆ ನಮ್ಮ ನೋಟ್‌ಬುಕ್ ಅವರ ಮುಂದಿಟ್ಟೆವು. ಎರಡು ಕಾಲಂ, ಮೂರು ಸಂಜೆಯ ಅಂಕಿ. ಬಾಯಲ್ಲಿ ಏನೂ ಹೇಳಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಓದಿದರು, ತಮ್ಮ ಕಾಲಂ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ಬಿಳಿ ಟೇಪ್ ಒಂದು ತುಂಡು ಹರಿದು, ಪೆನ್ನಿನಲ್ಲಿ 15, ಅದರ ಕೆಳಗೆ ಮೋಡ ಇದ್ದರೆ 10 ಅಂತ ಬರೆದು ಬಿಲ್ಲಿನ ಒಳಮೈಗೆ ಅಂಟಿಸಿದರು. "ಸೈಟ್ ಕೂರಿಸಿ ಹಾಗಾದರೆ" ಅಂದರು.

ಕೂರಿಸಿದೆವು. ಮಾಡೋ ಕ್ರಮ ಹೀಗೆ. ಪೀಪ್ ಬದಲಿಸೋಕೆ ಬಿಲ್ಲನ್ನು ಪ್ರೆಸ್‌ನಲ್ಲಿ ಒತ್ತಬೇಕು, ಅದು ಅಂಗಡಿಯವರ ಕೆಲಸ. ಆಮೇಲೆ ಕಣ್ಣು ಮುಚ್ಚಿ ಹಗ್ಗ ಎಳೆದು, ದವಡೆಗೆ ಕೈ ಊರಿ ಕಣ್ಣು ತೆರೆದರೆ ಪೀಪ್ ಕಣ್ಣಿನ ಮುಂದೆಯೇ ಇರಬೇಕು. ಕತ್ತು ಕೊಂಕಿಸಿ ಹುಡುಕೋ ಹಾಗಿರಬಾರದು. ಪೀಪ್‌ನ ತೂತಿನೊಳಗೆ ಸೈಟಿನ ಬಳೆ ತಟ್ಟೆಯೊಳಗೆ ತಟ್ಟೆ ಇಟ್ಟಂತೆ ಸರಿಯಾಗಿ ಕೂರಬೇಕು. ಮಬ್ಬಿನಲ್ಲಿ ಬಾಣ ಚದುರೋದಕ್ಕೆ ಮುಖ್ಯ ಕಾರಣ ಇದು ತಪ್ಪೋದು, ಹಾಗಾಗಿ ಬಳೆಯ ಅಂಚಿಗೆ ತಿಳಿ ಬಣ್ಣ ಇರೋ ಸೈಟ್ ತಗೊಳ್ಳಿ. ಬಳೆಯ ಕೆಳಗಿನ ನೀರುಗುಳ್ಳೆ ಮಟ್ಟ ಇರಬೇಕು, ಓರೆ ಹಿಡಿದ ಬಿಲ್ಲು ಪಕ್ಕಕ್ಕೆ ಹೊಡೆಯುತ್ತೆ. ಗುರಿ ಹೊಂದಿಸೋಕೆ 20 ಗಜದಿಂದ ಶುರು. ಮೂರು ಮೂರು ಬಾಣ ಬಿಟ್ಟು, ಗುಂಪು ಬಿದ್ದ ಕಡೆಗೇ ಸೈಟ್ ಸರಿಸಬೇಕು: ಬಾಣ ಎಡಕ್ಕೆ ಬಿದ್ದರೆ ಸೈಟ್ ಎಡಕ್ಕೆ, ಕೆಳಗೆ ಬಿದ್ದರೆ ಕೆಳಕ್ಕೆ. ಮೊದಲು ಕೇಳಿದಾಗ ಉಲ್ಟಾ ಅನ್ನಿಸುತ್ತೆ, ಚಿತ್ರ ಬರೆದು ನೋಡಿದರೆ ಸರಿಹೋಗುತ್ತೆ. ಕೊನೆಗೆ ಇದನ್ನೆಲ್ಲ ಅದೇ ಮಬ್ಬಿನಲ್ಲಿ, ಅದೇ ಗುಡಾರದೊಳಗೆ ಕೂತು ಇನ್ನೊಮ್ಮೆ ಪರೀಕ್ಷಿಸಬೇಕು. ಮಟಮಟ ಮಧ್ಯಾಹ್ನ ಹೊಂದಿಸಿದ ಸೈಟ್ ಮಧ್ಯಾಹ್ನದ್ದೇ ಪರೀಕ್ಷೆ ಪಾಸಾಗಿರುತ್ತೆ.

ಅಕ್ಟೋಬರ್ ಕೊನೆಯ ವಾರ ತಾತ ನಮ್ಮನ್ನೂ ಗುಡಾರಕ್ಕೆ ಕರೆದುಕೊಂಡು ಹೋದರು. ನಾಲ್ಕು ಜನ, ತುಂಬಿದ ಶೇರ್ ಆಟೋ ಥರ. ಆಕಾಶ ತಿಳಿಯಾಗಿತ್ತು. ಸೂರ್ಯ ಮುಳುಗಿ 18 ನಿಮಿಷ ಆಗಿತ್ತು, ಒಂದು ಹೆಣ್ಣು ಜಿಂಕೆ ಹೊಲದಂಚಿಗೆ ಬಂದು, ನಾವು ಅಳೆದಿಟ್ಟ 20 ಗಜದ ಮರದ ಪಕ್ಕ ಪೂರ್ತಿ ಅಡ್ಡಲಾಗಿ ನಿಂತಿತು. ನಮಗೆ ಮೂವರಿಗೂ ಮುಂಗಾಲ ಹಿಂದಿನ ಮಡಿಕೆ ಸ್ಪಷ್ಟವಾಗಿ ಕಾಣ್ತಿತ್ತು. ಕಾನೂನಿಗೆ ಇನ್ನೂ 12 ನಿಮಿಷ ಬಾಕಿ. ತಾತ ಬಿಲ್ಲನ್ನು ಮೊಣಕಾಲಿನ ಮೇಲಿಂದ ಎತ್ತಲೇ ಇಲ್ಲ. ಕಾಣ್ತಿದೆ, ಹೊಡೀರಿ ಅನ್ನೋ ಮಾತು ನಮ್ಮ ಗಂಟಲಿನವರೆಗೂ ಬಂತು. ಆದರೆ ಬಾಣ ಬಿಡೋದು ನಮ್ಮ ಕಣ್ಣಲ್ಲವಲ್ಲ. ಜಿಂಕೆ ಎರಡು ನಿಮಿಷ ಮೇಯ್ದು ಕಾಡಿನೊಳಗೆ ಸರಿದುಹೋಯಿತು.

"ನಿಮಗೆ ಕಾಣಿಸ್ತಾ?" ಅಂತ ಪಿಸುಗುಟ್ಟಿದರು. ಹೌದು ಅಂದೆವು. "ನನಗೆ ಪಿನ್ ಬಹಳ ಚೆನ್ನಾಗಿ ಕಾಣಿಸ್ತು" ಅಂದರು. ಬೇಜಾರಿತ್ತೋ ತಮಾಷೆಯೋ, ಆ ಕತ್ತಲಲ್ಲಿ ಮುಖ ಕಾಣಲಿಲ್ಲ.

ನಾವೆಲ್ಲ ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡೋವಾಗ ಅಳೆಯೋಕೆ ಸುಲಭವಾದ್ದನ್ನೇ ಅಳೀತೀವಿ. ಪಿನ್ ಎಷ್ಟು ಹೊಳೆಯುತ್ತೆ ಅನ್ನೋದಕ್ಕೆ ಮೀಟರ್ ಇದೆ, ಗ್ರಾಫ್ ಬರುತ್ತೆ, ರಿವ್ಯೂನಲ್ಲಿ ಮಾರ್ಕ್ಸೂ ಬರುತ್ತೆ. ಅದನ್ನು ಹಿಡಿಯೋ ಮನುಷ್ಯನಿಗೆ ಎದುರಿನದು ಎಷ್ಟು ಕಾಣುತ್ತೆ ಅನ್ನೋದನ್ನು ತಿಳಿಯೋಕೆ ಅವರ ಪಕ್ಕದಲ್ಲಿ ಮೂರು ಸಂಜೆ ಕೂರಬೇಕು. ಬಿಲ್ಲಿನ ಸೈಟ್ ನಿಮಗ್ಯಾರಿಗೂ ಬೇಕಾಗಲಿಕ್ಕಿಲ್ಲ, ಬಳಸೋರ ಪಕ್ಕ ಕೂರೋದು ಮಾತ್ರ ಎಲ್ಲ ಬ್ರಾಂಚಿನವರಿಗೂ ಬೇಕಾಗುತ್ತೆ.

ತಾತ ಬೇಟೆ ಬಿಟ್ಟಿಲ್ಲ. ಈಗ ಬೆಳಗಿನ ಹೊತ್ತಿಗೆ ಬದಲಾಯಿಸಿಕೊಂಡಿದ್ದಾರೆ. ಸಂಜೆ ಕಾದಷ್ಟೂ ಬೆಳಕು ಕಡಿಮೆ, ಬೆಳಿಗ್ಗೆ ಕಾದಷ್ಟೂ ಹೆಚ್ಚು. ಜಿಂಕೆ ಓಡಿದರೂ ಹುಡುಕೋಕೆ ಇಡೀ ಹಗಲು ಕೈಲಿರುತ್ತೆ. ಟೇಪ್ ಮೇಲಿನ ಅಂಕಿಯನ್ನು ಸೂರ್ಯೋದಯದ ಲೆಕ್ಕಕ್ಕೆ ತಿದ್ದಿಕೊಡಬೇಕು ಅಂತ ನಮಗೆ ಹೇಳಿದ್ದಾರೆ. ಅದಕ್ಕೆ ಮತ್ತೆ ಮೂರು ದಿನ ಫೋಮ್ ಜಿಂಕೆ ಎದುರು ಸ್ಟಾಪ್‌ವಾಚ್ ಹಿಡಿದು ಕೂರಬೇಕು, ಬೆಳಗಿನ ಜಾವ ಐದಕ್ಕೆ ಎದ್ದು, ಆ ಚಳಿಯಲ್ಲಿ. ಎಂಟು ಗಂಟೆ ಕ್ಲಾಸಿಗೇ ನಾವು ಹೇಗೆ ಏಳ್ತಿದ್ದೆವು ಅನ್ನೋದು ಹಾಸ್ಟೆಲಿನವರಿಗೆ ಗೊತ್ತು.